ಎರಡು ಬಣ್ಣ, ಒಂದೇ ಬೂದು

ಕೆಂಪನ್ನು ಇನ್ನೊಂಚೂರು ಗಾಢ ಮಾಡಿದರೆ ಅವನು ಇನ್ನು ತನ್ನ ಹತ್ತಿರ ಬರುವುದಿಲ್ಲ, ಇಷ್ಟೇ ಅವಳ ಭಯ, ಡೈರಿಗೂ ಹೇಳಿಕೊಳ್ಳದ ಭಯ, ಬರೆದರೆ ನಿಜವಾಗಿಬಿಡುತ್ತದೆ — ಟಿಕೆಟ್ ಕಾಯ್ದಿರಿಸುವ ಆ್ಯಪ್‌ಗೆ ಅವಳು ಬಣ್ಣ ಹಾಕುತ್ತಿರುವ ತೆರೆಯ ಮೇಲೆ ಬಸ್ಸಿನ ಸೀಟುಗಳು, ಖಾಲಿ ಇದ್ದರೆ ಹಸಿರು, ತುಂಬಿದ್ದರೆ ಕೆಂಪು, ಕೆಲಸಕ್ಕೆ ಸೇರಿದ ಹೊಸತರಲ್ಲೇ ಮೇಡಂ ಬಣ್ಣದ ಚಕ್ರ ತಿರುಗಿಸಿ ಹೇಳಿಕೊಟ್ಟಿದ್ದರು, ನೋಡು ಪುಟ್ಟಿ, ಬಣ್ಣ ಬೇರೆ ಇದ್ರೆ ಸಾಲದು, ತಿಳಿ-ಗಾಢವೂ ಬೇರೆ ಇರ್ಬೇಕು, ಬಣ್ಣ ಎಲ್ಲಾ ತೆಗೆದು ಬೂದು ಮಾಡಿ ನೋಡು, ಎರಡೂ ಒಂದೇ ಬೂದು ಆದ್ರೆ ಕೆಟ್ಟೆ ಅಂತ್ಲೇ ಲೆಕ್ಕ. ಮಾಡಿ ನೋಡಿದ್ದಳು, ಬಸ್ಸಿಗೆ ಬಸ್ಸೇ ಒಂದು ಬೂದು ಮುದ್ದೆ, ಸರಿಮಾಡಲು ಕೈ ಎತ್ತಿದ್ದಳು, ಅಷ್ಟರಲ್ಲಿ ಪಕ್ಕದ ಮೇಜಿನವನು, ಎಲ್ಲರ ಕೆಲಸವನ್ನೂ ಪರೀಕ್ಷಿಸಿ ತಪ್ಪು ಹುಡುಕುವುದೇ ಕೆಲಸವಾದವನು, ಕುರ್ಚಿ ಉರುಳಿಸಿಕೊಂಡೇ ಬಂದ, ರೀ, ಇದು ಕೆಂಪೋ ಹಸಿರೋ, ನನ್ ಕಣ್ಣಿಗೆ ಎರಡೂ ಒಂಥರಾ ಮಾಸಲು, ನಮ್ಮಮ್ಮ ಟೊಮೆಟೊ ತರೋಕೆ ನನ್ನ ಕಳ್ಸೋದೇ ಬಿಟ್ಟಿದಾರೆ, ಬರೀ ಕಾಯಿ ಹೊತ್ಕೊಂಡ್ ಬರ್ತೀನಂತೆ — ಅವಳು ನಕ್ಕಳು, ಆಫೀಸಿನಲ್ಲಿ ಅವಳ ಮೊದಲ ನಗು, ಎತ್ತಿದ ಕೈ ಹಾಗೇ ಇಳಿಯಿತು. ಬೂದು ಮಾಡಿ ನೋಡಿದ್ಯಾ ಅಂತ ಮೇಡಂ ಕೇಳಿದಾಗ ಹೂಂ ಅಂದಳು, ಸುಳ್ಳೇನಲ್ಲ, ನೋಡಿದ್ದಳು.

ಆಮೇಲೆ ದಿನಾ ಆ ಕುರ್ಚಿಯ ಗಾಲಿ ಸದ್ದು, ದಿನಾ ಒಂದು ಪ್ರಶ್ನೆ, ನಾಲ್ಕು ಜನರೆದುರು ನಾಲಿಗೆ ಒಣಗುವವಳಿಗೆ ಒಂದೇ ಮಾತಿನ ಉತ್ತರ ಎಷ್ಟು ಸಲೀಸು, ಕೆಂಪು, ಹಸಿರು, ಹಸಿರು. ತೆರೆ ಅಂದ್ರೆ ಬೆಳಕಲ್ವಾ, ಕೆಂಪು ಹಸಿರು ಎರಡೂ ಸೇರಿದ್ರೆ ಹಳದಿ ಆಗುತ್ತೆ ಅಂತ ಅವಳು ಅಂದಾಗ ಅವನು, ಸುಮ್ನೆ ಕಿವಿಗೆ ಹೂ ಇಡ್ಬೇಡಿ ರೀ, ಹಳದಿ ನಂಗೆ ಕಾಣ್ಸುತ್ತೆ, ಅದಕ್ಕೇ ಹೇಳ್ತಿದೀರಾ — ಮತ್ತೊಮ್ಮೆ ಅವನೇ ಕೇಳಿದ್ದ, ಹಸಿರು ಅಂದ್ರೆ ಹೇಗಿರುತ್ತೆ, ಬಿಸಿಲಿಂದ ಒಳಗೆ ಬಂದ ಹಾಗೆ ಅಂದಿದ್ದಳು, ಅವನು ನಗಲಿಲ್ಲ, ಸುಮ್ಮನೆ ಅವಳ ಮುಖ ನೋಡಿದ, ಆ ನೋಟವನ್ನು ಯಾವ ಬಣ್ಣದ ಪಕ್ಕ ಇಟ್ಟರೂ ಮಂಕಾಗುವುದಿಲ್ಲ. ನಿನ್ನೆ ಅವಳು ರಜೆ, ಕೇಳಲು ಯಾರೂ ಇಲ್ಲ, ಬಸ್ಸಿನ ಕಂಪನಿಯವರಿಗೆ ಆ ತೆರೆ ತೋರಿಸುವಾಗ ಅವನು ತುಂಬಿದ ಬಸ್ಸನ್ನು ಖಾಲಿ ಅಂದುಬಿಟ್ಟನಂತೆ, ಏನಪ್ಪಾ, ಹಗಲೇ ಕಣ್ ಕಾಣಲ್ವಾ ಅಂದರಂತೆ ಅವರು, ಕೊಠಡಿಗೆ ಕೊಠಡಿಯೇ ನಕ್ಕಿತಂತೆ. ಈಗ ಅವನು ಚಾರ್ಜರು, ನೀರಿನ ಬಾಟಲಿ ಚೀಲಕ್ಕೆ ತುರುಕುತ್ತಿದ್ದಾನೆ, ಮೇಲಿನ ಮಹಡಿಗೆ ಹಾಕಿ ಮೇಡಂ, ಬರೀ ಅಕ್ಷರ ಇರೋ ಕೆಲಸ ಕೊಡಿ, ಈ ಕಣ್ಣು ಇಲ್ಲಿಗಾಗಲ್ಲ — ಈಗ ಬಾಯಿ ಬಿಟ್ಟರೆ ಗುಟ್ಟೂ ಹೋಗುತ್ತದೆ ಮಾನವೂ ಹೋಗುತ್ತದೆ, ಬಿಡದಿದ್ದರೆ ಅವನು ಹುಟ್ಟಿನಿಂದ ಬಂದ ಕಣ್ಣನ್ನೇ ಬೈದುಕೊಂಡು ಮೆಟ್ಟಿಲು ಹತ್ತುತ್ತಾನೆ, ಹೋಗ್ಲಿ ಬಿಡಪ್ಪಾ, ಕಣ್ಣಿನ ವಿಷಯಕ್ಕೆ ಯಾರೇನು ಮಾಡೋಕಾಗುತ್ತೆ ಅನ್ನುತ್ತಿದ್ದಾರೆ ಮೇಡಂ, ಅವನ ಬಗ್ಗಿದ ಕುತ್ತಿಗೆ, ಬೇರೇನೂ ಕಾಣುತ್ತಿಲ್ಲ ಅವಳಿಗೆ, ಆ ಬಗ್ಗಿದ ಕುತ್ತಿಗೆ, ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳೋ, ತಪ್ಪು ನಿಮ್ ಕಣ್ಣಿನದ್ದಲ್ಲ, ಆ ಬಣ್ಣಾನ ನಾನೇ ಬೇಕಂತ ಹಾಗೆ ಬಿಟ್ಟಿದ್ದೆ, ನೀವು ಬಂದು ಕೇಳ್ಲಿ ಅಂತ.