ಮೊಳೆಗೆ ತೂಗುಹಾಕಿದ ಕೊಳವೆ

ಮೂವತ್ತು ವರ್ಷ ಆಸ್ಪತ್ರೆಯ ಉಗ್ರಾಣ ನೋಡಿಕೊಂಡು ನಿವೃತ್ತರಾದ ಮುದುಕರಿಗೆ ಅದೇ ಆಸ್ಪತ್ರೆಯ ಚಿಕ್ಕ ಕೋಣೆಯಲ್ಲಿ, ಸೊಂಟಕ್ಕೊಂದು ಟವೆಲು ಸುತ್ತಿಕೊಂಡು ಕೂರುವ ಗಳಿಗೆ ಬಂದಿತ್ತು. ಮೂತ್ರಕೋಶ ಕೈಕೊಟ್ಟಿತ್ತು. ದಿನಕ್ಕೆ ನಾಲ್ಕೈದು ಸಲ ತಾವೇ ಕೊಳವೆ ಹಾಕಿ ಅದನ್ನು ಖಾಲಿ ಮಾಡಿಕೊಳ್ಳಬೇಕು. ಇವತ್ತು ಕಲಿಯದಿದ್ದರೆ ಕಾಯಂ ಕೊಳವೆ ಹಾಕಿ ತೊಡೆಗೆ ಚೀಲ ಕಟ್ಟಿ ಕಳಿಸುತ್ತೇವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಚೀಲ ಕಟ್ಟಿಕೊಂಡು ದೇವರ ದೀಪದ ಮುಂದೆ ಕೂರುವುದು ಹೇಗೆ? ಮುದುಕರ ನಿದ್ದೆಗೆಡಿಸಿದ್ದು ಅದೊಂದೇ.

ಕಲಿಸಲು ಬಂದ ನರ್ಸು ಅವರ ಹೆಂಡತಿಯ ತಂಗಿ. ಅಕ್ಕ ಸತ್ತು ಮೂರು ತಿಂಗಳಾಗಿತ್ತು. ಅಂದಿನಿಂದ ಅವಳು ಭಾವನ ಹೊಸಿಲು ತುಳಿದಿರಲಿಲ್ಲ.

ಅವಳು ಮೇಜಿನ ಮೇಲೆ ನಾಲ್ಕು ಪೊಟ್ಟಣ ಸಾಲಾಗಿ ಇಟ್ಟಳು.

"ನೋಡ್ಕೊಳ್ಳಿ ಭಾವ. ಇದು ಬರೀ ಪ್ಲಾಸ್ಟಿಕ್ಕು, ಜೆಲ್ ನೀವೇ ಸವರ್ಕೋಬೇಕು. ಇದಕ್ಕೆ ಮೊದಲೇ ಲೇಪ ಇದೆ, ನೀರು ತಾಗಿದ್ರೆ ಜಾರುತ್ತೆ. ಇದಕ್ಕೆ ಲೇಪಾನೂ ಇದೆ, ಮೇಲೊಂದು ತೆಳು ಹೊದಿಕೆನೂ ಇದೆ, ಟ್ಯೂಬು ಮುಟ್ಟದೇ ಹಿಡೀಬಹುದು. ಇದರ ತುದಿ ಬಾಗಿದೆ, ದಾರೀಲಿ ಅಡ್ಡ ಇರೋರಿಗೆ. ನಿಮಗೆ ಅಲ್ಲೇನೂ ಅಡ್ಡ ಇಲ್ಲ. ಅಡ್ಡ ಇರೋದು ತಲೇಲಿ."

ಮುದುಕರು ಮೊದಲನೆಯದರ ಮೇಲೆ ಬೆರಳಿಟ್ಟರು. "ಇದೇ ಸಾಕು."

"ಕೈ ನಡುಗ್ತಿದೆ ನಿಮಗೆ. ಆ ಜೆಲ್ ಹಿಂಡಿ, ಸವರಿ, ಹಿಡಿದು... ಇದಕ್ಕೆ ಮೂರು ಕೈ ಬೇಕು."

"ನಿಮ್ಮಕ್ಕ ಒಂಬತ್ತು ವರ್ಷ ಇದರಲ್ಲೇ ಕಳೆದಳು. ನನ್ನದೇನು ದೊಡ್ಡಸ್ತಿಕೆ?"

ಆಸ್ಪತ್ರೆಗೆಲ್ಲ ಒಂದೇ ಜಾತಿಯ, ಒಂದೇ ಉದ್ದದ ಕೊಳವೆ ಸಾಕೆಂದು ರುಜು ಹಾಕಿದವರು ಅವರೇ. ಗಂಡಸರದ್ದು ಉದ್ದ, ಹೆಂಗಸರಿಗೂ ಆದೀತು, ಎಂದಿದ್ದರು. ಬೆನ್ನಿನ ಆಪರೇಷನ್ ಆದಮೇಲೆ ಹೆಂಡತಿಗೇ ಅದು ಬೇಕಾಗಿ ಬಂತು. ಒಳ್ಳೆಯದನ್ನು ಹೊರಗಿನಿಂದಲಾದರೂ ತರಿಸಿಕೊಡಿ ಎಂದು ನಾದಿನಿ ಕಾಲಿಗೆ ಬೀಳುವುದೊಂದು ಬಾಕಿ. "ಎಲ್ಲರಿಗೂ ಇಲ್ಲದ್ದು ನಮ್ಮನೆಗೂ ಬೇಡ" ಎಂದು ಅವರು ಅಲುಗಾಡಲಿಲ್ಲ. ಹೆಂಡತಿ ತುಟಿ ಪಿಟಕ್ಕೆನ್ನಲಿಲ್ಲ. ತೊಳೆದ ಕೊಳವೆಯನ್ನು ಬಚ್ಚಲಿನ ಮೊಳೆಗೆ ತೂಗುಹಾಕುತ್ತಿದ್ದಳು. ಅದು ಇನ್ನೂ ಅಲ್ಲೇ ಇತ್ತು. ದಿನಾ ಸ್ನಾನಕ್ಕೆ ಮೊದಲು ಮುದುಕರು ಅದನ್ನು ಮುಟ್ಟಿ ಕ್ಷಮೆ ಕೇಳುತ್ತಿದ್ದರು.

"ದೇವರ ಹತ್ರ ಹೇಳ್ಕೊಂಡಿದೀನಿ. ಅವಳು ಉಂಡ ನೋವು ನಾನೂ ಉಣ್ಣಬೇಕು."

"ತಪಸ್ಸಿಗೆ ಬೇರೆ ಜಾಗ ಸಿಗಲಿಲ್ವಾ ನಿಮಗೆ?" ಎಂದು ನಾದಿನಿ ಪೊಟ್ಟಣ ಹರಿದು ಅವರ ಕೈಗೆ ತುರುಕಿದಳು. "ಉಣ್ಣಿ."

ಮೊದಲನೆಯದು ಜೆಲ್ ಸಮೇತ ನೆಲಕ್ಕೆ ಬಿತ್ತು. ಲೇಪವಿದ್ದ ಎರಡನೆಯದು ಬೆರಳಿಂದ ಮೀನಿನಂತೆ ಜಾರಿ ಮೇಜಿನಡಿ ಸೇರಿತು.

"ಇನ್ನೊಂದು ಬಿದ್ರೆ ಚೀಲದ ಡಬ್ಬ ತೆಗೀತೀನಿ."

"ಬೀಳಲಿ ಅಂತಲೇ ಕಾಯ್ತಿದೀಯ ನೀನು."

"ಹೌದು. ನೀವು ಅಕ್ಕನ ಹೆಸರು ಹೇಳಿ ಬೀಳಿಸ್ತಿದೀರಲ್ಲ, ಅದಕ್ಕೆ." ಅವಳು ಬಗ್ಗಿ ನೆಲ ಒರೆಸಿದಳು. ತಲೆ ಎತ್ತದೆಯೇ ಹೇಳಿದಳು: "ಅಕ್ಕ ನಿಮ್ಮ ಆಸ್ಪತ್ರೆ ಟ್ಯೂಬು ಹಾಕ್ಕೊಂಡಿದ್ದು ಒಂದೇ ವಾರ. ಆಮೇಲೆಲ್ಲ ನಾನು ಹೊರಗಿಂದ ತಂದ್ಕೊಟ್ಟಿದ್ದು. ಹೊಲಿಗೆ ಡಬ್ಬಿ ತಳದಲ್ಲಿ ಇಟ್ಕೋತಿದ್ಲು."

"ಮತ್ತೆ ಮೊಳೇಲಿ ತೂಗ್ತಿದ್ದಿದ್ದು?"

"ನಿಮ್ಮ ಕಣ್ಣಿಗೆ ಬೀಳ್ಲಿ ಅಂತ. ದಿನಾ ತೊಳೆದು ತೂಗುಹಾಕ್ತಿದ್ಲು. ಮನೆಯವರ ಮಾತು ಮಣ್ಣುಪಾಲಾಗಬಾರದು ಅಂತ."

ಹೆಂಡತಿಗೆ ಅಷ್ಟು ನೋವಾಗಲಿಲ್ಲವಲ್ಲ ಎಂಬ ನೆಮ್ಮದಿ ಮೊದಲು ಬರಬೇಕಿತ್ತು. ಬಂದದ್ದು ಸಿಟ್ಟು. ಮೂರು ತಿಂಗಳು ಆ ಮೊಳೆಯ ಮುಂದೆ ಕೈಮುಗಿದು ನಿಂತಿದ್ದ ತಮ್ಮ ಬೆನ್ನು ಅವರಿಗೇ ಕಂಡಂತಾಗಿ ಕಿವಿ ಕಾದವು.

"ಒಂಬತ್ತು ವರ್ಷ ಇಬ್ಬರೂ ಸೇರಿ ನನ್ನನ್ನ ಮಂಗ ಮಾಡಿದ್ರಿ."

"ಅದಕ್ಕೆ ನಾವೇನೂ ಕಷ್ಟಪಡಬೇಕಾಗಿರಲಿಲ್ಲ."

ಮುದುಕರು ಮೇಜಿನ ಮೇಲಿನ ಪೊಟ್ಟಣಗಳತ್ತ ಬೆರಳು ತೋರಿಸಿ ಕೇಳಿದರು: "ಅವಳು ಹಾಕ್ಕೊಳ್ತಿದ್ದಿದ್ದು ಇದರಲ್ಲಿ ಯಾವುದು? ಅದನ್ನೇ ಕೊಡು."

"ಅದು ಇದರಲ್ಲಿಲ್ಲ. ಅದು ಹೆಂಗಸರದು, ಗೇಣುದ್ದಾನೂ ಇರಲ್ಲ. ನಿಮ್ಮ ಅರ್ಧ ದಾರಿಗೂ ಸಾಲದು. ಅಕ್ಕನ ನೋವೂ ನಿಮಗೆ ಸಿಗಲ್ಲ, ಅಕ್ಕನ ಟ್ಯೂಬೂ ಸಿಗಲ್ಲ. ನಿಮ್ಮದು ನೀವೇ ಆರಿಸ್ಕೊಳ್ಳಿ."

ಮುದುಕರು ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದರು. ಬಂದು ಹೊದಿಕೆ ಇದ್ದ ಮೂರನೆಯದನ್ನು ಎತ್ತಿಕೊಂಡರು. ಬೆರಳು ನಡುಗಿದವು, ಹೊದಿಕೆ ಜಾರಲಿಲ್ಲ. ದೇವರ ಹೆಸರನ್ನು ಬಾಯಿಗೆ ತರಲು ನಾಚಿಕೆಯಾಗಿ ಹಲ್ಲು ಕಚ್ಚಿ ಇಂಚಿಂಚಾಗಿ ಒಳಕ್ಕೆ ನೂಕಿದರು. ಒಂದು ಕಡೆ ತಡೆಯಿತು. "ಉಸಿರು ಬಿಡಿ" ಎಂದಳು ಅವಳು, ಬಯ್ಯುವ ದನಿಯಲ್ಲೇ. ಬಿಟ್ಟರು. ಅವಳು ಹಿಡಿದ ಅಳತೆಯ ಜಗ್ಗಿನೊಳಕ್ಕೆ ಸಣ್ಣಗೆ ಧಾರೆ ಬಿತ್ತು.

ಅವಳು ಜಗ್ಗನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ ಚೀಟಿಯಲ್ಲಿ ಬರೆದುಕೊಂಡಳು. "ಚೀಲ ಬೇಡ. ಇದನ್ನೇ ಬರೆಸ್ತೀನಿ. ನಾಲ್ಕು ಗಂಟೆಗೊಂದ್ಸಲ ಹಾಕ್ಕೊಳ್ಳಿ."

ಮುದುಕರು ಬಟ್ಟೆ ಸರಿಮಾಡಿಕೊಂಡು, ಅವಳು ಕೊಟ್ಟ ಕೊಳವೆಗಳ ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡರು.

"ಮನೆಗೆ ಹೋದವರು ಮೊದಲು ಮೊಳೇಲಿರೋದನ್ನ ಎಸೀರಿ" ಎಂದಳು.

"ಎಸೆಯಲ್ಲ."

"ಒಂದು ವಾರ ಆದ್ಮೇಲೆ ಅದನ್ನ ಬಳಸೇ ಇರಲಿಲ್ಲ ಅಂತ ಹೇಳಿದ್ನಲ್ಲ."

"ದಿನಾ ತೊಳೀತಿದ್ದಳಲ್ಲ."

ನಾದಿನಿ ಕೈಗವಸು ಕಿತ್ತು ಬುಟ್ಟಿಗೆ ಎಸೆದಳು. "ಹಾಗಾದ್ರೆ ನೋಡ್ತಾ ಕೂರಿ. ನಾಲ್ಕು ಗಂಟೆಗೊಂದ್ಸಲ ಅನ್ನೋದು ಮಾತ್ರ ಮರೀಬೇಡಿ." ಎಂದವಳು ಬಾಗಿಲಿನತ್ತ ತಿರುಗಿ ಮುಂದಿನ ರೋಗಿಯನ್ನು ಕರೆದಳು.