ಬಲಗಡೆಯ ಮೂರು ವಾಷರ್

ಡಿಸೆಂಬರ್ ಎರಡನೇ ವಾರದಲ್ಲಿ ರಾಮಲಿಂಗಪ್ಪನವರ ಬಲಭುಜಕ್ಕೆ ಆಪರೇಷನ್ ಆಯಿತು. ಆರು ವಾರ ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಿಂದ ಹೊರಗೆ ತೆಗೆಯಕೂಡದು, ಚಹಾದ ಕಪ್ಪಿಗಿಂತ ಭಾರದ್ದು ಏನನ್ನೂ ಎತ್ತಕೂಡದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಈಗ 2025ರ ಜನವರಿಯ ಮೊದಲ ಶನಿವಾರ. ಭಾನುವಾರ ರಾತ್ರಿಯಿಂದ ಎಂಟು ಇಂಚು ಹಿಮ ಬೀಳಬಹುದು ಎಂದು ಬೆಳಿಗ್ಗೆ ಟಿವಿಯಲ್ಲಿ ಹೇಳಿದಾಗ, ಅವರು ಮೊದಲು ತಮ್ಮ ಜೋಳಿಗೆಯನ್ನು ನೋಡಿಕೊಂಡರು, ಆಮೇಲೆ ಕಿಟಕಿಯಾಚೆಯ ಗರಾಜನ್ನು ನೋಡಿದರು.

ಅಮೆರಿಕದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಅವರದು ಟೌನ್‌ಹೌಸ್ ಎಂಬ ಸಾಲುಮನೆಗಳು ಏಳುವುದಕ್ಕೂ ಮುಂಚಿನ ಹಳೆಯ ಮನೆ. ಅವರಿಗೂ ಪಕ್ಕದ ವಾಲ್ಟರನಿಗೂ ಸೇರಿ ಮುಖ್ಯ ರಸ್ತೆಯ ತನಕ ಮುನ್ನೂರು ಅಡಿಯ ಒಂದೇ ಖಾಸಗಿ ದಾರಿ. ಕೌಂಟಿಯ ಹಿಮ ತಳ್ಳುವ ಲಾರಿ ಅದರೊಳಕ್ಕೆ ಬರುವುದಿಲ್ಲ. ಹನ್ನೊಂದು ಚಳಿಗಾಲ ಆ ದಾರಿಯನ್ನು ಬಿಡಿಸಿದ್ದು ರಾಮಲಿಂಗಪ್ಪನವರೇ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಗಾರ್ಡನ್ ಟ್ರ್ಯಾಕ್ಟರಿನ ಮುಂದೆ ಹಿಮ ತಳ್ಳುವ ಕಬ್ಬಿಣದ ಬ್ಲೇಡ್ ಸಿಗಿಸಿಕೊಂಡು, ಟೊಪ್ಪಿಗೆ ಕಿವಿಯ ತನಕ ಎಳೆದುಕೊಂಡು ಹೊರಟರೆಂದರೆ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು. ವಾಲ್ಟರನಿಗೆ ಎಪ್ಪತ್ತೆಂಟು. ಸ್ಕೂಲ್ ಬಸ್ಸು ಓಡಿಸಿ ನಿವೃತ್ತನಾದವನು. ಎರಡೂ ಮೂತ್ರಪಿಂಡ ಕೆಟ್ಟು ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಡಯಾಲಿಸಿಸ್‌ಗೆ ಹೋಗುತ್ತಿದ್ದ.

ಷಾರ್ಲಟ್‌ನಿಂದ ಮಗ ಸೌರಭ್ ಫೋನ್ ಮಾಡಿದ.

"ಅಪ್ಪಾ, ಡೋಂಟ್ ಈವನ್ ಥಿಂಕ್ ಅಬೌಟ್ ಇಟ್. ಪ್ಲೋ ಮಾಡೋವ್ರಿಗೆ ಕಾಲ್ ಮಾಡಿ, ಓಕೆ?"

ರಾಮಲಿಂಗಪ್ಪನವರು ಎಡಗೈಯಲ್ಲೇ ಒತ್ತಿ ಒತ್ತಿ ದುಡ್ಡಿಗೆ ಹಿಮ ತೆಗೆಯುವ ನಾಲ್ಕು ಜನಕ್ಕೆ ಫೋನ್ ಮಾಡಿದರು. ಇಬ್ಬರು ಎತ್ತಲಿಲ್ಲ. ಉಳಿದಿಬ್ಬರೂ, ಪಟ್ಟಿ ತುಂಬಿದೆ, ಸೋಮವಾರ ಮಧ್ಯಾಹ್ನದ ಮೇಲೆ ನೋಡೋಣ ಎಂದರು. ಅವರು ಫೋನನ್ನು ಸೋಫಾದ ಮೇಲೆ ಎಸೆದರು.

ಹೆಂಡತಿ ರೇಣುಕಾದೇವಿ ಟಿವಿ ಆರಿಸಿದರು. ಬಾಗಿಲ ಹಿಂದಿದ್ದ ಗಂಡನ ಹಳೆಯ ಜಾಕೀಟು ತೊಟ್ಟುಕೊಂಡು ತೋಳುಗಳನ್ನು ಎರಡು ಮಡಿಕೆ ಮಡಚಿದರು.

"ನಾ ಹಾಕತೀನಿ," ಎಂದರು.

"ಏನ್ ಹಾಕತಿ?"

"ಬ್ಲೇಡು."

ರಾಮಲಿಂಗಪ್ಪನವರಿಗೆ ನಗು ಬಂತು. ಆದರೆ ಹೆಂಡತಿಯ ಮುಖ ನೋಡಿ ಅದನ್ನು ಕೆಮ್ಮಾಗಿ ಮಾರ್ಪಡಿಸಿದರು. ಬೈಲಹೊಂಗಲದ ಈ ಹೆಣ್ಣುಮಗಳು ಗೈದರ್ಸ್‌ಬರ್ಗ್‌ನ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ತೂಕ ಮತ್ತು ಅಳತೆಯ ಕೆಲಸ ಮಾಡಿದವರು. ಅಲ್ಲಿ ಏನು ಮಾಡುತ್ತಿದ್ದರೆಂದು ಅವರು ಮನೆಯಲ್ಲಿ ಹೆಚ್ಚು ಹೇಳಿದವರಲ್ಲ. ಸೇತುವೆ ಕಟ್ಟುವ ಎಂಜಿನಿಯರಾಗಿದ್ದ ರಾಮಲಿಂಗಪ್ಪನವರೂ ಹೆಚ್ಚು ಕೇಳಿದವರಲ್ಲ.

"ಅದು ನೂರು ಪೌಂಡ್ ಐತಿ ರೇಣುಕಾ. ಅರವತ್ತೇಳು ವಯಸ್ಸಿಗೆ ಇದೆಲ್ಲ ಬ್ಯಾಡ."

"ನಿಮಗ ಎಪ್ಪತ್ತೊಂದು. ಹೋದ ವರ್ಷ ನೀವ ಹಾಕಿದ್ರಿ. ಪುಸ್ತಕ ಎಲ್ಲೈತಿ?"

"ಯಾವ ಪುಸ್ತಕ?"

ಫ್ರೆಡರಿಕ್ ಊರಿನ ಕಡೆಯ ಒಬ್ಬ ರೈತನಿಂದ ಟ್ರ್ಯಾಕ್ಟರ್, ಬ್ಲೇಡ್ ಎರಡನ್ನೂ ಕೊಂಡಾಗ ಜೊತೆಗೆ ಬಂದಿದ್ದ ಕೈಪಿಡಿ ಅದು. ಗರಾಜಿನ ಡ್ರಾಯರಿನ ತಳದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಮಡಿಕೆ ಬಿಚ್ಚದೆ ಕೂತಿತ್ತು. ರೇಣುಕಾದೇವಿ ಅದನ್ನು ಹಿಡಿದು ಬಕೆಟ್ಟನ್ನು ಬೋರಲು ಹಾಕಿ ಕೂತು, ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಿದರು. ಇಪ್ಪತ್ತು ನಿಮಿಷ. ರಾಮಲಿಂಗಪ್ಪನವರು ಚಳಿಯಲ್ಲಿ ಕಾಲು ಬದಲಿಸುತ್ತ ನಿಂತಿದ್ದರು.

"ನಾ ಹೇಳತೀನಿ, ನೀ ಮಾಡು. ಓದೋದ್ಯಾಕ? ಮೊದಲ ಆ ಪಿನ್ ತಗಿ."

"ಮೊದಲ ಪಿನ್ ಅಲ್ರಿ. ಮೊದಲ ಕೀಲಿ ತಗದು, ಸ್ಪಾರ್ಕ್ ಪ್ಲಗ್ಗಿನ ವೈರ್ ಬಿಚ್ಚಬೇಕು. ಎಂಜಿನ್ ಅಚಾನಕ್ ಶುರು ಆಗಬಾರದಂತ."

ಹನ್ನೊಂದು ವರ್ಷದಲ್ಲಿ ರಾಮಲಿಂಗಪ್ಪನವರು ಒಮ್ಮೆಯೂ ಆ ವೈರನ್ನು ಬಿಚ್ಚಿರಲಿಲ್ಲ.

ರೇಣುಕಾದೇವಿ ಒಳಗಿನಿಂದ ಒಂದು ಹಳೆಯ ಇಡ್ಲಿ ತಟ್ಟೆ ತಂದು ನೆಲದ ಮೇಲಿಟ್ಟರು. ಟ್ರ್ಯಾಕ್ಟರಿನ ಹೊಟ್ಟೆಗೆ ಸಿಗಿಸಿದ್ದ ಹುಲ್ಲು ಕತ್ತರಿಸುವ ಡೆಕ್ಕಿನ ಪಿನ್ನುಗಳನ್ನು ಒಂದೊಂದಾಗಿ ಎಳೆದು, ತೆಗೆದ ಕ್ರಮದಲ್ಲೇ ಒಂದೊಂದು ಕುಳಿಯಲ್ಲಿ ಹಾಕುತ್ತ ಹೋದರು. ಬೆಲ್ಟನ್ನು ಚಕ್ರದಿಂದ ಜಾರಿಸಿ, ಡೆಕ್ಕನ್ನು ಪಕ್ಕಕ್ಕೆ ಎಳೆದು ಹೊರತೆಗೆದರು. ಪ್ರತಿ ವರ್ಷ ಈ ಹೊತ್ತಿಗೆ ರಾಮಲಿಂಗಪ್ಪನವರು ಒಂದಾದರೂ ಪಿನ್ ಕಳೆದುಕೊಂಡು, ಮೊಣಕಾಲೂರಿ ಟಾರ್ಚಿನಲ್ಲಿ ಹುಡುಕುತ್ತಿರುತ್ತಿದ್ದರು.

ಬ್ಲೇಡ್ ಗೋಡೆಗೆ ಒರಗಿ ನಿಂತಿತ್ತು. ಇದೇ ಕಠಿಣ ಭಾಗ ಎಂದು ರಾಮಲಿಂಗಪ್ಪನವರಿಗೆ ಗೊತ್ತಿತ್ತು. ಅವರು ಅದನ್ನು ಪ್ರತಿ ಸಲ ದರದರ ಎಳೆದು, ಉಸಿರುಗಟ್ಟಿ, ಬೈಯುತ್ತ ಟ್ರ್ಯಾಕ್ಟರಿನ ಮುಂದೆ ತರುತ್ತಿದ್ದರು. ಇವಳು ಇಲ್ಲಿ ಕೈಚೆಲ್ಲುತ್ತಾಳೆ, ಆಗ ಸಮಾಧಾನದ ಮಾತು ಹೇಳಿ ಒಳಗೆ ಕರೆದೊಯ್ಯಬೇಕು ಅಂದುಕೊಂಡರು. ರೇಣುಕಾದೇವಿ ಅದನ್ನು ಎತ್ತುವ ಗೋಜಿಗೇ ಹೋಗಲಿಲ್ಲ. ಸೌರಭ್ ಚಿಕ್ಕವನಿದ್ದಾಗ ಹಿಮದ ಮೇಲೆ ಜಾರುತ್ತಿದ್ದ ಪ್ಲಾಸ್ಟಿಕ್ ಹಲಗೆಯನ್ನು ಮಾಳಿಗೆಯಿಂದ ಇಳಿಸಿ, ಬ್ಲೇಡನ್ನು ಮೆಲ್ಲಗೆ ಅದರ ಮೇಲೆ ವಾಲಿಸಿ, ಹಗ್ಗ ಹಿಡಿದು ಗರಾಜಿನ ನಡುವಿಗೆ ಎಳೆದರು. ಅದು ಕೊಸರಾಡದೆ ಬಂತು. ಆಮೇಲೆ ಟ್ರ್ಯಾಕ್ಟರಿನ ಹಿಂದಿನ ಸಣ್ಣ ಕಡ್ಡಿ ಎಳೆದು ಗಾಲಿಗಳನ್ನು ಸಡಿಲ ಬಿಟ್ಟು, ಅದಕ್ಕೆ ಬೆನ್ನು ಕೊಟ್ಟು, ಗೋಡೆಗೆ ಕಾಲು ಒತ್ತಿ, ಇಷ್ಟಿಷ್ಟೇ ಮುಂದಕ್ಕೆ ತಳ್ಳಿದರು. ಬ್ಲೇಡಿನ ಉದ್ದನೆಯ ಚೌಕಟ್ಟು ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಹೋಗಿ ಹಿಂದಿನ ಕೊಕ್ಕೆಗೆ ಟಕ್ ಎಂದು ಕೂತಿತು. ಮುಂದಿನ ತೂತುಗಳು ಮಾತ್ರ ಅರ್ಧ ಬೆರಳಿನಷ್ಟು ತಪ್ಪಿದವು.

"ಸುತ್ತಿಗಿ ತಗೊಂಡು ಎರಡು ಬಡಿ. ನಾ ಯಾವಾಗಲೂ ಹಂಗ ಮಾಡೋದು."

"ಬಡದ್ರ ತೂತು ಕೆಡತದ್ರಿ."

ಅವರು ಚೌಕಟ್ಟಿನ ಕೆಳಗೆ ಒಂದು ತೆಳು ಹಲಗೆಯ ತುಂಡು ತೂರಿಸಿದರು. ತೂತಿಗೆ ತೂತು ಸೇರಿತು. ಪಿನ್ ಬೆರಳಲ್ಲೇ ಒಳಗಿಳಿಯಿತು.

ರಾಮಲಿಂಗಪ್ಪನವರು ಈಗ ಹೇಳಿಕೊಡುವುದನ್ನು ಬಿಟ್ಟು ನೋಡುತ್ತ ನಿಂತಿದ್ದರು. ಹೆಂಡತಿಯ ಬೆರಳುಗಳಿಗೆ ಅವಸರವಿರಲಿಲ್ಲ. ಒಂದು ಕೆಲಸ ಮುಗಿಸಿ, ಅದನ್ನು ಒಮ್ಮೆ ಮುಟ್ಟಿ ನೋಡಿ, ಆಮೇಲೆ ಇನ್ನೊಂದಕ್ಕೆ ಹೋಗುತ್ತಿದ್ದವು. ಮೂವತ್ತೊಂಬತ್ತು ವರ್ಷ ಜೊತೆಗಿದ್ದೂ ಈ ಬೆರಳುಗಳನ್ನು ತಾನು ಕೆಲಸದಲ್ಲಿ ನೋಡಿಯೇ ಇಲ್ಲವಲ್ಲ ಅನ್ನಿಸಿತು ಅವರಿಗೆ. ರೊಟ್ಟಿ ಬಡಿಯುವಾಗ ನೋಡಿದ್ದರು. ಆದರೆ ಆಗ ಕಣ್ಣು ಇದ್ದದ್ದು ರೊಟ್ಟಿಯ ಮೇಲೆ.

ಎಲ್ಲ ಮುಗಿಯಿತು ಅಂದುಕೊಂಡಾಗ ರೇಣುಕಾದೇವಿ ಬ್ಲೇಡನ್ನು ನೆಲಕ್ಕಿಳಿಸಿ ಅದರ ಕೆಳಗೆ ಪೆನ್ಸಿಲ್ ತೂರಿಸಿ ನೋಡಿದರು. ಎಡಗಡೆ ಹೋಗಲಿಲ್ಲ. ಬಲಗಡೆ ಸರಾಗವಾಗಿ ಹೋಯಿತು.

"ಗರಾಜಿನ ನೆಲಾನ ಇಳಿಜಾರ ಐತಿ," ಎಂದರು ರಾಮಲಿಂಗಪ್ಪ. "ಹೊರಗಿನ ದಾರೀನೂ ಹಂಗ. ಬಲಗಡೆ ಒಂದು ಪಟ್ಟಿ ಸ್ನೋ ಉಳದ ಉಳಿತದ. ನಾ ಆಮ್ಯಾಲೆ ಸಲಿಕಿಲೆ ಕೆರೀತೀನಿ."

ರೇಣುಕಾದೇವಿ ರಸಮಟ್ಟ ತಂದು ನೆಲದ ಮೇಲಿಟ್ಟರು. ಗುಳ್ಳೆ ನಟ್ಟನಡುವೆ ನಿಂತಿತು. ಬ್ಲೇಡಿನ ಮೇಲಿಟ್ಟರು. ಗುಳ್ಳೆ ಬಲಕ್ಕೆ ಓಡಿತು. ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು ಹಾಸಿ, ಟಾರ್ಚು ಹಿಡಿದು ಅದರ ಮೇಲೆ ಮಲಗಿದರು. ಬ್ಲೇಡಿನ ಎರಡು ತುದಿಗೂ ನೆಲಕ್ಕೆ ತಾಗುವ ಒಂದೊಂದು ಸಣ್ಣ ಕಬ್ಬಿಣದ ಪಾದವಿರುತ್ತದೆ. ಪಾದದ ಮೇಲೆ ವಾಷರ್ ಏರಿಸಿದಷ್ಟೂ ಆ ತುದಿ ನೆಲದಿಂದ ಎತ್ತರಕ್ಕೆ ನಿಲ್ಲುತ್ತದೆ.

ಕೆಳಗಿನಿಂದ ಧ್ವನಿ ಬಂತು. "ಎಡಗಡೆ ಎರಡು ವಾಷರ್ ಅದಾವ. ಬಲಗಡೆ ಐದು."

ರಾಮಲಿಂಗಪ್ಪನವರು ಬಗ್ಗಿ ನೋಡಿದರು.

"ಆ ರೈತ ಹಾಕಿರಬೇಕು," ಎಂದರು ರಾಮಲಿಂಗಪ್ಪ, ಸಣ್ಣ ದನಿಯಲ್ಲಿ.

ಹನ್ನೊಂದು ಚಳಿಗಾಲ. ಮುನ್ನೂರು ಅಡಿ. ಗಟ್ಟಿಯಾಗಿ ಅಂಟಿದ ಆ ಬಲಗಡೆಯ ಪಟ್ಟಿಯನ್ನು ಅವರು ಪ್ರತಿ ಸಲ ಬಲಗೈಯಲ್ಲೇ ಕೆರೆದಿದ್ದರು. ಆಪರೇಷನ್‌ಗೆ ಮುಂಚೆ ಡಾಕ್ಟರು, ವರ್ಷಾನುಗಟ್ಟಲೆ ಒಂದೇ ರೀತಿ ತೋಳು ಆಡಿಸುವ ಕೆಲಸ ಏನಾದರೂ ಮಾಡಿದ್ದೀರಾ ಎಂದು ಕೇಳಿದ್ದರು. ಇಲ್ಲ ಎಂದು ರಾಮಲಿಂಗಪ್ಪನವರು ಖಡಾಖಂಡಿತವಾಗಿ ಹೇಳಿದ್ದರು.

ಹೆಂಡತಿ ಏನಾದರೂ ಅನ್ನುತ್ತಾರೆ ಎಂದು ಕಾದರು. ರೇಣುಕಾದೇವಿ ಎದ್ದು ಕೈ ಒರೆಸಿಕೊಂಡು, "ಬೋಲ್ಟ್ ಜಂಗ ಹಿಡದೈತಿ. ಎಣ್ಣಿ ಬಿಟ್ಟೀನಿ, ನೆನೀಲಿ. ಬರ್ರಿ, ಉಪ್ಪಿಟ್ಟು ತಿನ್ನೋಣು," ಎಂದರು. ಅಷ್ಟೇ.

ಉಪ್ಪಿಟ್ಟಾದ ಮೇಲೂ ಬೋಲ್ಟ್ ಜಗ್ಗಲಿಲ್ಲ. ರೇಣುಕಾದೇವಿ ಅದಕ್ಕೆ ಪಾನಾ ಸಿಗಿಸಿ ಎರಡು ಸಲ ಮೈಭಾರ ಹಾಕಿದರು, ಮುಖ ಕೆಂಪಾಯಿತು. ಆಗ ರಾಮಲಿಂಗಪ್ಪನವರು ಮೂಲೆಯಿಂದ ಮೂರಡಿ ಕಬ್ಬಿಣದ ಪೈಪನ್ನು ಎಡಗೈಯಲ್ಲಿ ಹಿಡಿದು ತಂದರು.

"ಪಾನಾದ ಹಿಡಿಕಿಗೆ ಇದನ್ನ ತೂರಸು. ತುದಿ ಹಿಡದು ಒತ್ತು. ಜಾಸ್ತಿ ಬ್ಯಾಡ, ಹಗೂರಕ."

ಕರ್ ಎಂದು ಒಂದು ಸದ್ದಾಗಿ ಬೋಲ್ಟ್ ತಿರುಗಿತು. ರೇಣುಕಾದೇವಿ ತಲೆ ಎತ್ತಿ ನಕ್ಕರು. "ಬ್ರಿಜ್ ಕಟ್ಟಿದವರು ಬ್ರಿಜ್ ಕಟ್ಟಿದವರ ಬಿಡ್ರಿ!" ಎಪ್ಪತ್ತೊಂದರ ಮುದುಕನಿಗೆ ಕಿವಿಯ ತನಕ ಬಿಸಿಯಾಯಿತು.

ಬಲಗಡೆಯ ಮೂರು ವಾಷರ್ ಹೊರಬಂದವು. ಸಂಜೆಗೆ ಹಿಂದಿನ ಗಾಲಿಗಳಿಗೆ ಸರಪಳಿಯನ್ನೂ ಕಟ್ಟಿದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಬೆಳಕು ಹರಿಯುತ್ತಿದ್ದಂತೆ ನೋಡಿದರೆ ಕಣಕಾಲು ಮುಳುಗುವಷ್ಟು ಹಿಮ. ರೇಣುಕಾದೇವಿ ಮಫ್ಲರು ಸುತ್ತಿಕೊಂಡು ಟ್ರ್ಯಾಕ್ಟರ್ ಹತ್ತಿದರು. ರಾಮಲಿಂಗಪ್ಪನವರಿಗೆ ಹೊರಗೆ ಬರುವ ಅಪ್ಪಣೆ ಇರಲಿಲ್ಲ. ಕಿಟಕಿಗೆ ಹಣೆ ಒತ್ತಿ ನಿಂತರು. ಮೊದಲ ಸಾಲು ಬಿದ್ದಿತು. ಎಡದಿಂದ ಬಲದ ತನಕ ಡಾಂಬರು ಕಪ್ಪಗೆ, ಒರೆಸಿದ ಹಾಗೆ ಕಂಡಿತು. ಆ ದಾರಿ ಹಾಗೆ ಕಂಡದ್ದೇ ಇಲ್ಲ.

ಅರ್ಧ ದಾರಿಯಲ್ಲಿ ಧಡ್ ಎಂದು ಸದ್ದಾಯಿತು. ಬ್ಲೇಡ್ ಮುಂದಕ್ಕೆ ಮುಗ್ಗರಿಸಿತು, ಟ್ರ್ಯಾಕ್ಟರ್ ನಿಂತಿತು. ರಾಮಲಿಂಗಪ್ಪನವರು ಚಪ್ಪಲಿಯಲ್ಲೇ ಓಡಿದರು.

"ಏನಾತು? ಪೆಟ್ಟಾತೇನು?"

"ಏನಾಗಿಲ್ರಿ. ಕೆಳಗ ಮೋರಿಯ ಮುಚ್ಚಳ ಐತಿ. ಪುಟ ಹದಿನಾರು: ಗಟ್ಟಿ ಏನರ ಬಡದ್ರ ಸ್ಪ್ರಿಂಗಿನ ಮ್ಯಾಲೆ ಬ್ಲೇಡ್ ತಾನ ಬಗ್ಗತದ. ಬಗ್ಗಿತು. ನೀವು ಬೂಟ್ ಹಾಕ್ಕೋರಿ ಮೊದಲ."

ಹಿಂದಕ್ಕೆ ಸರಿದು, ಬ್ಲೇಡ್ ಎತ್ತಿ, ಮುಚ್ಚಳ ದಾಟಿ ಮತ್ತೆ ಇಳಿಸಿದರು. ರಸ್ತೆಯಂಚಿಗೆ ಬಂದರೆ ಕೌಂಟಿಯ ಲಾರಿ ಹಿಮವನ್ನೆಲ್ಲ ತಂದು ದಾರಿಯ ಬಾಯಿಗೆ ಸೊಂಟದೆತ್ತರ ಒಡ್ಡು ಹಾಕಿತ್ತು. ಇಲ್ಲಿ ರಾಮಲಿಂಗಪ್ಪನವರದು ಗೂಳಿಯ ಪದ್ಧತಿ, ನೇರ ನುಗ್ಗುವುದು. ರೇಣುಕಾದೇವಿ ಬ್ಲೇಡನ್ನು ಓರೆ ಮಾಡಿಕೊಂಡು ಒಡ್ಡಿನ ಒಂದು ಮೂಲೆಯಿಂದ ಒಂದೊಂದು ತುತ್ತು ಕಡಿದರು. ಇಪ್ಪತ್ತೈದು ನಿಮಿಷ ಹಿಡಿಯಿತು. ಎಂಟೂ ಇಪ್ಪತ್ತಕ್ಕೆ ಬಾಯಿ ತೆರೆಯಿತು.

ವಾಲ್ಟರನ ಹೆಂಡತಿ ಡೋರಿಸ್ ಕಾರು ತಂದಳು. ವಾಲ್ಟರ್ ಕಿಟಕಿಯ ಗಾಜು ಇಳಿಸಿದ. ಬೂಟು ಹಾಕಿಕೊಂಡು ಬಂದಿದ್ದ ರಾಮಲಿಂಗಪ್ಪನವರನ್ನು ನೋಡಿ, "ರಾಮ್, ಈ ಕೈ ಇಟ್ಟುಕೊಂಡು ಹೇಗಪ್ಪಾ ಮಾಡಿದೆ?" ಎಂದು ಕೇಳಿದ.

"ನಾನಲ್ಲ. ಇವಳು. ಜೋಡಿಸಿದ್ದೂ ಇವಳೇ, ಓಡಿಸಿದ್ದೂ ಇವಳೇ. ನನ್ನ ತಪ್ಪನ್ನು ಸರಿ ಮಾಡಿದ್ದೂ ಇವಳೇ." ಶುರು ಮಾಡಿದವರಿಗೆ ನಿಲ್ಲಿಸಲಾಗಲಿಲ್ಲ. ಮೊದಲಿನಿಂದ ಎಲ್ಲ ಹೇಳತೊಡಗಿದರು.

"ಸಾಕ ಬಿಡ್ರಿ, ಅವರಿಗೆ ಹೊತ್ತಾಗತದ," ಎಂದರು ರೇಣುಕಾದೇವಿ.

ಕಾರು ನಿಧಾನವಾಗಿ ಬಲಕ್ಕೆ ತಿರುಗಿ ಹೋಯಿತು. ಕೆಲಸ ಮುಗಿಯಿತೆಂದು ರಾಮಲಿಂಗಪ್ಪನವರು ಮನೆಯ ಕಡೆ ತಿರುಗಿದರೆ, ಟ್ರ್ಯಾಕ್ಟರ್ ರಸ್ತೆಯ ಎದುರು ಬದಿಗೆ ಹೊರಟಿತ್ತು. ಅಲ್ಲಿ ಟೌನ್‌ಹೌಸ್‌ಗಳ ಮಕ್ಕಳು ಸ್ಕೂಲ್ ಬಸ್ಸಿಗೆ ನಿಲ್ಲುವ ಜಾಗ ಹಿಮದಡಿ ಹೂತುಹೋಗಿತ್ತು.

"ಎಲ್ಲಿಗೆ? ಇವತ್ತ ಸಾಲಿ ಸೂಟಿ ಐತಿ!"

"ಸಾಲಿ ಯಾವತ್ತರ ತಗದ ತಗೀತಾರಲ್ರಿ? ಆವಾಗ ಹುಡುಗ್ರು ರಸ್ತಾದಾಗ ನಿಂದರಬೇಕನು?"

ದೂರದಲ್ಲೊಂದು ಕಾರು ಬರುತ್ತಿತ್ತು. ರಾಮಲಿಂಗಪ್ಪನವರು ರಸ್ತೆಯ ನಡುವಿಗೆ ಹೋಗಿ ಎಡಗೈಯನ್ನು ಎತ್ತರಕ್ಕೆ ಚಾಚಿ ನಿಂತರು. ಕಾರು ನಿಂತಿತು. ರೇಣುಕಾದೇವಿ ಅತ್ತಿತ್ತ ನೋಡದೆ ರಸ್ತೆ ದಾಟಿದರು.