ಮರಳಿನಲ್ಲಿ ಹಿಮದ ತಾಲೀಮು

ಸರ್ವೋತ್ತಮ ದುಬೈಯ ಜೆಬೆಲ್ ಅಲಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಸೇಫ್ಟಿ ಆಫೀಸರ್. ಅಪಾಯವನ್ನು ಮೂಸಿ ಹಿಡಿಯುವುದೇ ಕಸುಬಾದವನಿಗೆ ಮನೆಗೆ ಬಂದ ಮೇಲೂ ಮೂಗು ಸುಮ್ಮನಿರುವುದಿಲ್ಲ. ಹೆಂಡತಿ ಪ್ರಫುಲ್ಲಾ ಹಿಮ ನೋಡಲೆಂದು ಎರಡು ಸಲ ಪ್ರವಾಸ ಗೊತ್ತು ಮಾಡಿದ್ದಳು. ಎರಡು ಸಲವೂ ಅವನು ಹಿಮಕುಸಿತದ ವೀಡಿಯೋ ನೋಡಿ ಅಡ್ಡಗಾಲು ಹಾಕಿದ್ದ. ಈ ಸಲ ಜಾರ್ಜಿಯಾ, ಕಪ್ಪು ಸಮುದ್ರದ ದಂಡೆಯ ಬೆಟ್ಟ. ಇದೂ ತಪ್ಪಿದರೆ ತನ್ನ ಜನ್ಮ ಏಸಿಯ ಚಳಿಯಲ್ಲೇ ಮುಗಿದುಹೋದೀತೆಂದು ಪ್ರಫುಲ್ಲಾಗೆ ನಿಜಕ್ಕೂ ಭಯವಾಗಿತ್ತು.

ಅಲ್ಲಿನ ಗೈಡು ವಿವರವಾಗಿ ಬರೆದಿದ್ದ. ಕಡಲ ಹತ್ತಿರದ ಬೆಟ್ಟದಲ್ಲಿ ಹಿಮ ಒದ್ದೆ, ಭಾರ, ಬಿಸಿಲೇರಿದರೆ ಜಾರುತ್ತದೆ. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಇಳಿಯಬೇಕು, ಕಡಿದಾದ ಇಳಿಜಾರನ್ನು ಒಬ್ಬೊಬ್ಬರೇ ದಾಟಬೇಕು. ಎಲ್ಲರ ಎದೆಗೂ ಒಂದೊಂದು ಬೀಕನ್ ಕಟ್ಟಿರಬೇಕು. ನಡೆಯುವಾಗ ಅದು ಸಿಗ್ನಲ್ ಕಳಿಸುತ್ತಿರುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮದನ್ನು ಹುಡುಕುವ ಕಡೆಗೆ ತಿರುಗಿಸಿ, ಅದು ತೋರಿಸುವ ಬಾಣದ ಹಿಂದೆ ಓಡಬೇಕು. ಹದಿನೈದು ನಿಮಿಷ ಕಳೆದರೆ ಜೀವಂತ ಸಿಗುವ ಆಸೆ ಕಡಿಮೆ.

ಆ ಕೊನೆಯ ಸಾಲೊಂದೇ ಸರ್ವೋತ್ತಮನಿಗೆ ಸಾಕಾಯಿತು. ಹೂಳಲೆಂದು ಒಂದು ಹೆಚ್ಚಿಗೆ ಸೇರಿಸಿ ಬೀಕನ್‌ಗಳನ್ನು ತರಿಸಿದ. ಶನಿವಾರ ಮರುಭೂಮಿಯಲ್ಲಿ ಮಾಕ್ ಡ್ರಿಲ್, ಹೂತಿಟ್ಟ ಬೀಕನ್ ಹದಿನೈದು ನಿಮಿಷದಲ್ಲಿ ಸಿಗದಿದ್ದರೆ ಪ್ರವಾಸ ಖಲಾಸ್ ಎಂದು ಸಾರಿದ. ಜೊತೆಗೆ ಹೊರಟವರು ಅವನ ತಂಗಿಯ ಮಗ ಶ್ರವಣ್ ಮತ್ತು ಶ್ರವಣನ ಹೆಂಡತಿ ನಿಖಿತಾ. ನಾಲ್ವರೂ ಹಿಮದ ಕೋಟು ತೊಟ್ಟು ತಾವಿದ್ದ ಡಿಸ್ಕವರಿ ಗಾರ್ಡನ್ಸ್ ವಸತಿಯ ಲಿಫ್ಟಿನಿಂದ ಹೊರಬಿದ್ದಾಗ ವಾಚ್‌ಮನ್ ಕುರ್ಚಿ ಬಿಟ್ಟು ಎದ್ದು ನಿಂತ.

ಐಸ್‌ಕ್ರೀಮಿನ ಡಬ್ಬಿಯಲ್ಲಿ ಒಂದು ಬೀಕನ್ ಹಾಕಿ, ಯಾರೂ ನೋಡದಂತೆ ಮರಳಿನಲ್ಲಿ ಹೂತು, ಸರ್ವೋತ್ತಮ ದಿಬ್ಬದ ಮೇಲೆ ಗಡಿಯಾರ ಹಿಡಿದು ನಿಂತ. ಮೂವರೂ ಹುಡುಕಲು ಶುರುಮಾಡಿದರು. ಮೂರೂ ಬಾಣಗಳು ಅವನ ಕಾಲಬುಡವನ್ನೇ ತೋರಿಸಿದವು. ಅಲ್ಲೇ ಅಗೆದರು. ಮಾವ ಅಡ್ಡ ನಿಂತಿದ್ದಾರೆಂದು ಶ್ರವಣ್ ಅವನನ್ನು ಪಕ್ಕಕ್ಕೆ ಸರಿಸಿದರೆ ಬಾಣಗಳೂ ಪಕ್ಕಕ್ಕೆ ಸರಿದವು. ಅವನು ದಿಬ್ಬ ಇಳಿದ, ಇವರೂ ಸಲಿಕೆ ಎತ್ತಿಕೊಂಡು ಇಳಿದರು. ಐದನೆಯ ಗುಂಡಿಗೆ ನಿಖಿತಾ ನಗು ತಡೆಯಲಾರದೆ ಮರಳಿನಲ್ಲೇ ಕುಳಿತುಬಿಟ್ಟಳು.

ಪ್ರಫುಲ್ಲಾ ಗಂಡನ ಕೋಟಿನ ಜಿಪ್ ಎಳೆದು ನೋಡಿದಳು. ಎದೆಗೆ ಕಟ್ಟಿಕೊಂಡ ಅವನದೇ ಬೀಕನ್ ಸಿಗ್ನಲ್ ಕಳಿಸುತ್ತ ಮಿನುಗುತ್ತಿತ್ತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ. ಅದನ್ನು ಆರಿಸಿದ್ದೇ ತಡ, ಎರಡೇ ನಿಮಿಷದಲ್ಲಿ ಐಸ್‌ಕ್ರೀಮ್ ಡಬ್ಬಿ ಸಿಕ್ಕಿತು.

ಸರ್ವೋತ್ತಮ ನಗಲಿಲ್ಲ. ಗಡಿಯಾರ ನೋಡಿ, ಹತ್ತೊಂಬತ್ತು ನಿಮಿಷ, ಖಲಾಸ್ ಎಂದ. ಪ್ರಫುಲ್ಲಾಳ ನಗು ಅಲ್ಲಿಗೇ ನಿಂತಿತು.

"ತಪ್ಪು ಯಾರದ್ದು?"

"ನಂದೇ. ಅದಕ್ಕೇ ಹೇಳುವುದು," ಎಂದು ಅವನು ಮರಳಿನ ಮೇಲೆ ಕುಸಿದ. "ಹಿಮದ ಅಡಿಯಲ್ಲಿ ನೀನು, ಮೇಲೆ ನಾನು ಹೀಗೆ ತಪ್ಪು ಮಾಡಿಕೊಂಡು ನಿಂತ್ರೆ? ನಿನ್ನನ್ನು ಹುಡುಕ್ಲಿಕ್ಕೆ ಆಗದಿದ್ರೆ ನಾನು ಎಂತ ಮಾಡುವುದು, ಮಾರಾಯ್ತಿ?"

ಇಷ್ಟು ವರ್ಷ ಹಟವೆಂದು ತಿಳಿದದ್ದು ಭಯವಾಗಿತ್ತು. ಅವಳಿಗೆ ಅವನ ಮೇಲೆ ಉಕ್ಕಿಬಂದ ಪ್ರೀತಿಯಲ್ಲಿ ಕೋಪವೆಲ್ಲ ಕೊಚ್ಚಿಹೋಯಿತು. ಡಬ್ಬಿಯ ಬೀಕನ್ನನ್ನು ತನ್ನ ಎದೆಗೆ ಕಟ್ಟಿಕೊಂಡಳು.

"ಹಾಗಾದ್ರೆ ಈಗ ಹುಡುಕಿ," ಎಂದು ಓಡಿಯೇಬಿಟ್ಟಳು.

ನಲವತ್ತೊಂಬತ್ತರ ಹೆಂಗಸು ಹಿಮದ ಕೋಟಿನಲ್ಲಿ ಎರಡು ದಿಬ್ಬ ದಾಟಿ, ಹೊಟ್ಟೆಯ ಮೇಲೆ ಮಲಗಿ, ಕಿಸಕ್ಕನೆ ನಗುವ ಬಾಯಿಗೆ ಕೈ ಅಡ್ಡ ಹಿಡಿದಳು. ಸ್ವಲ್ಪ ಹೊತ್ತಿಗೆ ಏದುಸಿರು ಕೇಳಿತು, ಹುಡುಕುವ ಕಡೆಗೆ ತಿರುಗಿಸಿದ ಅವನ ಬೀಕನ್ನಿನ ಬೀಪ್ ಬೀಪ್ ಹತ್ತಿರವಾಯಿತು. ಮೊಣಕಾಲಿನ ಮೇಲೆ ತೆವಳುತ್ತ ಬಂದ ಸರ್ವೋತ್ತಮ ದಿಬ್ಬದಂಚಿನಿಂದ ಜಾರಿ ಅವಳ ಮೇಲೆಯೇ ಉರುಳಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗಿರಲಿಲ್ಲ, ಮೀಸೆಯ ತುಂಬ ಮರಳು.

"ಆರು ನಿಮಿಷ, ಮಾವ," ಎಂದು ಶ್ರವಣ್ ಮೇಲಿನಿಂದ ಕೂಗಿದ.

ಅವನಿಗೆ ಅದು ಕೇಳಿಸಿತೋ ಇಲ್ಲವೋ. "ಸಿಕ್ಕಿದಿ," ಎಂದ, ಮತ್ತೆ ಮತ್ತೆ ಅದನ್ನೇ ಹೇಳಿ ನಕ್ಕ. ಅವಳ ಮಣಿಕಟ್ಟು ಬಿಡದೆ ಇನ್ನೊಂದು ಕೈಯಿಂದ ಫೋನ್ ತೆಗೆದು, ನಾಲ್ಕೂ ಜನ ಬರುತ್ತೇವೆಂದು ಗೈಡಿಗೆ ಒಂದೇ ಹೆಬ್ಬೆರಳಿನಲ್ಲಿ ಕುಟ್ಟತೊಡಗಿದ.